ದಾವಣಗೆರೆ, ಚಿತ್ರದುರ್ಗದಿಂದ ಸರ್ಫಿಂಗ್‌ಗೆ ಹೊರಡುವವರು ಅಲೆಯ ಮುನ್ಸೂಚನೆ ಓದುವುದು ಹೇಗೆ?

ಶನಿವಾರ ಬೆಳಿಗ್ಗೆ 5ಕ್ಕೆ ದಾವಣಗೆರೆ ಬಿಟ್ಟರೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ ದಾಟಿ ಉಡುಪಿ ಮುಟ್ಟುವಷ್ಟರಲ್ಲಿ 11ರ ಆಸುಪಾಸು. ಸರ್ಫಿಂಗ್ ನಡೆಯುವ ಮೂಲ್ಕಿಗೋ ಸಸಿಹಿತ್ಲಿಗೋ ಇನ್ನೂ ಮುಕ್ಕಾಲು ತಾಸು ಬೇಕು. ಅಷ್ಟು ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಎದ್ದಿರುತ್ತದೆ, ಬೆಳಗಿನ ಜಾವ ಸಾಲುಸಾಲಾಗಿ ಬರುತ್ತಿದ್ದ ಅಲೆಗಳು ಕಲಕಿಹೋಗಿರುತ್ತವೆ. ‘ಅಲೆಯೇ ಸರಿ ಇರಲಿಲ್ಲ’ ಎಂದು ವಾಪಸು ಬರುವವರಲ್ಲಿ ಬಹುಪಾಲು ಮಂದಿಗೆ ಆಗಿರುವುದು ಇದೇ. ಅಲೆ ಇತ್ತು, ಆದರೆ ಬೆಳಿಗ್ಗೆ 6ರಿಂದ 9ರವರೆಗೆ ಇತ್ತು. ಕರಾವಳಿಯ ಹುಡುಗರು ಮನೆಯಿಂದ ಎದ್ದು ಬಂದು ಕಡಲನ್ನು ಕಣ್ಣಾರೆ ನೋಡಿ ತೀರ್ಮಾನಿಸುತ್ತಾರೆ. ನಮಗೆ ಆ ಅನುಕೂಲ ಇಲ್ಲ. ಆದ್ದರಿಂದ ಬಯಲುಸೀಮೆಯವರಿಗೆ ಮುನ್ಸೂಚನೆ ಓದುವುದೆಂದರೆ ಊರು ಬಿಡುವ ಹೊತ್ತನ್ನು ಲೆಕ್ಕ ಹಾಕುವುದೇ.

ಮೊದಲಿಗೆ, ಮನೆಯ ಮೇಲಿನ ಆಕಾಶ ನೋಡಿ ಕಡಲನ್ನು ಊಹಿಸುವುದನ್ನು ಬಿಡಬೇಕು. ಚಿತ್ರದುರ್ಗ ಘಟ್ಟದ ಮಳೆನೆರಳಿನಲ್ಲಿರುವ ಊರು. ಘಟ್ಟದಾಚೆ ಇಡೀ ದಿನ ಸುರಿಯುತ್ತಿದ್ದರೂ ಇಲ್ಲಿ ಬಿಸಿಲಿರಬಹುದು. ಜೋಗಿಮಟ್ಟಿಯ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದರೆ ಅದು ಗುಡ್ಡದ ಮೇಲಿನ ಗಾಳಿಯ ಸುದ್ದಿ ಮಾತ್ರ. ಕರಾವಳಿಯ ಆಕಾಶ ಕೂಡ ಅಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ನಮ್ಮ ದಡಕ್ಕೆ ಬರುವ ಒಳ್ಳೆಯ ಅಲೆಗಳು ಹುಟ್ಟುವುದು ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, 40 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗಿನ ಬಿರುಗಾಳಿಗಳಲ್ಲಿ. ದೂರದಿಂದ ಹೀಗೆ ಉರುಳಿ ಬರುವ ಅಲೆಗೆ ಸ್ವೆಲ್ ಎನ್ನುತ್ತಾರೆ. ಒಂದು ಅಲೆಗೂ ಮುಂದಿನದಕ್ಕೂ 14 ಸೆಕೆಂಡ್ ಅಂತರವಿರುವ ಸ್ವೆಲ್ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಸಾಗುತ್ತದೆ, ದಿನಕ್ಕೆ 950 ಕಿ.ಮೀ. ಅಷ್ಟು ದೂರದಿಂದ ಮೂಲ್ಕಿ ತಲುಪಲು ಒಂದು ವಾರದ ಹತ್ತಿರ ಹಿಡಿಯುತ್ತದೆ.

ಇದರಿಂದ ನಮಗೆ ದೊಡ್ಡ ಉಪಯೋಗವಿದೆ. ಶನಿವಾರ ದಡ ಮುಟ್ಟುವ ಸ್ವೆಲ್ ಸೋಮವಾರಕ್ಕಾಗಲೇ ಹುಟ್ಟಿ ದಾರಿಯಲ್ಲಿರುತ್ತದೆ. ಹಾಗಾಗಿ ಸೋಮವಾರ, ಮಂಗಳವಾರ ನೋಡಿದ ಸ್ವೆಲ್ ಅಂಕಿಯನ್ನು ಬಹುಮಟ್ಟಿಗೆ ನಂಬಬಹುದು. ಗಾಳಿಯ ಅಂಕಿ ಹಾಗಲ್ಲ, ಎರಡು ದಿನ ಮುಂಚಿನದಷ್ಟೇ ನಂಬಿಕೆಗೆ ಅರ್ಹ. ಹೋಗುವ ವಾರವನ್ನು ಸ್ವೆಲ್ ನೋಡಿ ಆರಿಸಿ, ಹೋಗಬೇಕೇ ಬೇಡವೇ ಎಂಬುದನ್ನು ಗಾಳಿ ನೋಡಿ ಗುರುವಾರ ರಾತ್ರಿ ತೀರ್ಮಾನಿಸಿ.

ಎತ್ತರ ಒಂದನ್ನೇ ನೋಡಿದರೆ ಮೋಸ

ಅಲೆ, ಗಾಳಿಯ ಮುನ್ಸೂಚನೆ ಕೊಡುವ ವಿಂಡಿ, ವಿಂಡ್‌ಗುರು, ಸರ್ಫ್‌ಲೈನ್ ಆ್ಯಪ್‌ಗಳಲ್ಲಿ ಯಾವುದನ್ನೇ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಅಲೆಯ ಎತ್ತರ. ಅದು ಆಳ ಕಡಲಿನ ಅಂಕಿ, ದಡದಲ್ಲಿ ಒಡೆಯುವ ಅಲೆಯದ್ದಲ್ಲ. ಅಲ್ಲದೆ ಅದು ಎಲ್ಲ ಅಲೆಗಳ ಪೈಕಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ. 1 ಮೀಟರ್ ಎಂದು ಬರೆದಿದ್ದರೆ ನಡುನಡುವೆ ಒಂದೂವರೆ ಮೀಟರಿನದ್ದು, ಅಪರೂಪಕ್ಕೆ ಎರಡು ಮೀಟರಿನ ಹತ್ತಿರದ್ದು ಬಂದೇ ಬರುತ್ತದೆ.

ಎತ್ತರದ ಪಕ್ಕದಲ್ಲಿರುವ ಪೀರಿಯಡ್, ಅಂದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸೆಕೆಂಡುಗಳು, ಅದಕ್ಕಿಂತ ಮುಖ್ಯ. ಅಲೆಯ ಶಕ್ತಿ ಎತ್ತರದ ವರ್ಗವನ್ನು ಪೀರಿಯಡ್‌ನಿಂದ ಗುಣಿಸಿದಷ್ಟು. ಅಂದರೆ 1 ಮೀಟರ್ 14 ಸೆಕೆಂಡಿನ ಸ್ವೆಲ್, 1 ಮೀಟರ್ 7 ಸೆಕೆಂಡಿನದಕ್ಕಿಂತ ಎರಡು ಪಟ್ಟು ಬಲದ್ದು. 6 ಸೆಕೆಂಡಿನ ಅಲೆಗೆ ಕಡಲ ತಳ ತಾಗುವುದು 28 ಮೀಟರ್ ಆಳದಲ್ಲಿ, 14 ಸೆಕೆಂಡಿನದಕ್ಕೆ ಸುಮಾರು 150 ಮೀಟರ್ ಆಳದಲ್ಲೇ. ತಳ ತಾಗಿದ ಮೇಲೆ ಅದು ನಿಧಾನವಾಗುತ್ತ, ಎತ್ತರವಾಗುತ್ತ ಬರುತ್ತದೆ. ಹೀಗಾಗಿ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಎತ್ತರವಿದ್ದರೂ ದಡದಲ್ಲಿ 6 ಸೆಕೆಂಡಿನದು ಸೊಂಟದ ಮಟ್ಟಕ್ಕೆ ಒಡೆದರೆ 14 ಸೆಕೆಂಡಿನದು ಎದೆ ದಾಟಬಹುದು.

4ರಿಂದ 7 ಸೆಕೆಂಡ್ ಇದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ಅಲೆ, ಗೊಂದಲದ್ದು. 9ರಿಂದ 12 ಕಲಿಯುವವರಿಗೆ ಹೇಳಿ ಮಾಡಿಸಿದ್ದು. 13 ದಾಟಿದರೆ ಎತ್ತರ 1 ಮೀಟರಿಗಿಂತ ಕಡಿಮೆ ಇದ್ದರಷ್ಟೇ ಹೊಸಬರು ಇಳಿಯಬಹುದು. 16 ದಾಟಿದ ಸ್ವೆಲ್ ಬರುತ್ತಿದ್ದರೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಏನು ಹೇಳಿದೆ ನೋಡದೆ ಹೊರಡಲೇಬೇಡಿ. ಗಾಳಿಯಿಲ್ಲದೆ, ಮೋಡವಿಲ್ಲದೆ ಕಡಲು ಇದ್ದಕ್ಕಿದ್ದಂತೆ ಉಕ್ಕಿ ದಡ ಹತ್ತುವುದನ್ನು ಕೇರಳದವರು ಕಳ್ಳಕ್ಕಡಲ್ ಎನ್ನುತ್ತಾರೆ. ಅದನ್ನು ತರುವುದು ಇಂಥ ಸ್ವೆಲ್ಲೇ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ಯುವ ವೈದ್ಯಕೀಯ ವಿದ್ಯಾರ್ಥಿಗಳು ನೀರುಪಾಲಾದಾಗ ಇಂಥದ್ದೇ ಎಚ್ಚರಿಕೆ ಜಾರಿಯಲ್ಲಿತ್ತು.

ದಿಕ್ಕಿನ ವಿಷಯ ಸುಲಭ. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270 ಡಿಗ್ರಿ. ನಮ್ಮ ಕರಾವಳಿ ಪಶ್ಚಿಮ–ನೈರುತ್ಯಕ್ಕೆ ಮುಖ ಮಾಡಿದೆ. 200ರಿಂದ 240 ಡಿಗ್ರಿಯಿಂದ ಬರುವ ಸ್ವೆಲ್ ಒಳ್ಳೆಯದು. ನವೆಂಬರಿನಿಂದ ಮಾರ್ಚ್ ನಡುವೆ ಕೆಲವೊಮ್ಮೆ 300 ಡಿಗ್ರಿ ಆಸುಪಾಸಿನಿಂದ, ಅಂದರೆ ವಾಯವ್ಯದಿಂದ, 6–8 ಸೆಕೆಂಡಿನ ಇನ್ನೊಂದು ಸ್ವೆಲ್ ಸೇರಿಕೊಳ್ಳುತ್ತದೆ. ಅರಬ್ ದೇಶಗಳ ಕಡೆಯ ಶಮಾಲ್ ಗಾಳಿಯಿಂದ ಹುಟ್ಟಿದ್ದು ಅದು. ಒಟ್ಟು ಎತ್ತರ ಚೆನ್ನಾಗಿ ಕಂಡರೂ ಎರಡು ದಿಕ್ಕಿನ ಅಲೆ ಒಂದನ್ನೊಂದು ಕೆಡಿಸುತ್ತವೆ. ಆದ್ದರಿಂದ ಒಟ್ಟು ಎತ್ತರದ ಸಾಲನ್ನು ಬಿಟ್ಟು ಸ್ವೆಲ್ 1, ಸ್ವೆಲ್ 2 ಎಂದು ಬಿಡಿಸಿ ತೋರಿಸುವ ಸಾಲುಗಳನ್ನೇ ನೋಡಿ.

ಗಾಳಿಯ ಲೆಕ್ಕ

ಗಾಳಿಯ ದಿಕ್ಕನ್ನು ಅದು ಎಲ್ಲಿಂದ ಬೀಸುತ್ತದೋ ಅದರಿಂದ ಹೇಳುತ್ತಾರೆ. 60ರಿಂದ 110 ಡಿಗ್ರಿ ಎಂದಿದ್ದರೆ ಪೂರ್ವದಿಂದ, ಅಂದರೆ ನೆಲದಿಂದ ಕಡಲಿಗೆ. ಇದು ಆಫ್‌ಶೋರ್. ಅಲೆಯ ಮುಖವನ್ನು ಎತ್ತಿ ಹಿಡಿದು ನುಣುಪಾಗಿಸುತ್ತದೆ. 250ರಿಂದ 320 ಇದ್ದರೆ ಕಡಲಿನಿಂದ ನೆಲಕ್ಕೆ, ಆನ್‌ಶೋರ್. ಅಲೆಯನ್ನು ಬೆನ್ನ ಹಿಂದಿನಿಂದ ತಳ್ಳಿ ಬೇಗ ಕುಸಿಯುವಂತೆ ಮಾಡುತ್ತದೆ. 1 ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಆನ್‌ಶೋರ್ 8 ನಾಟ್ ದಾಟಿದರೆ ಕಲಿಯುವವರಿಗೆ ಆಯಾಸವೇ ಹೆಚ್ಚು. ಆಫ್‌ಶೋರ್ 12 ದಾಟಿದರೆ ಹಗುರ ಬೋರ್ಡ್ ಮೇಲಿರುವವರನ್ನು ಕಡಲಿನತ್ತ ಒಯ್ಯಬಹುದು.

ರಾತ್ರಿ ನೆಲ ತಣ್ಣಗಾದಾಗ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹರಿಯುತ್ತದೆ. ಬಿಸಿಲೇರಿ ನೆಲ ಕಾದಂತೆ ತಿರುಗುತ್ತದೆ. ನವೆಂಬರ್–ಜನವರಿಯಲ್ಲಿ ಸಾಮಾನ್ಯವಾಗಿ 10ರವರೆಗೂ ಹೊತ್ತು ಸಿಗುತ್ತದೆ. ಏಪ್ರಿಲ್–ಮೇನಲ್ಲಿ ರಾತ್ರಿಯೂ ಸೆಕೆ ಇಳಿಯದ ಕಾರಣ ನೆಲದ ಗಾಳಿ ದುರ್ಬಲ, ಕಡಲ ಗಾಳಿ ಬೇಗ ಏಳುತ್ತದೆ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಒಂದು, ಸಮಯ. ಕೆಲವು ಪುಟಗಳು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ ತೋರಿಸುತ್ತವೆ. ಅದಕ್ಕೆ ಐದೂವರೆ ತಾಸು ಕೂಡಿಸಬೇಕು. ‘06’ ಎಂಬ ಕಾಲಂ ಬೆಳಗಿನ 6 ಎಂದುಕೊಂಡರೆ ನೀವು ನೋಡುತ್ತಿರುವುದು 11.30ರ ಗಾಳಿ. ಎರಡು, ನಕ್ಷೆಯಲ್ಲಿ ಪಿನ್ ಇಡುವ ಜಾಗ. ನೆಲದ ಮೇಲೆ ಇಟ್ಟರೆ ಅಲೆಯ ಅಂಕಿ ಸರಿಯಾಗಿ ಬರುವುದಿಲ್ಲ. ದಡದಿಂದ ಐದಾರು ಕಿ.ಮೀ. ಕಡಲೊಳಗೆ ಇಡಿ. ಮೂರು, ಮಾದರಿ, ಅಂದರೆ ಮುನ್ಸೂಚನೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ವಿಧಾನ. ಅದು ಭೂಪಟವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ವಿಂಡಿಯಲ್ಲಿ ಅಮೆರಿಕದ ಜಿಎಫ್‌ಎಸ್ ಮಾದರಿಯ ಒಂದೊಂದು ಚೌಕ 22 ಕಿ.ಮೀ., ಯುರೋಪಿನ ಇಸಿಎಮ್‌ಡಬ್ಲ್ಯುಎಫ್‌ನದ್ದು 9 ಕಿ.ಮೀ. ದೊಡ್ಡ ಚೌಕದಲ್ಲಿ ಕಡಲೂ ನೆಲವೂ ಒಂದೇ ಆಗಿಬಿಡುವುದರಿಂದ ಬೆಳಗಿನ ತೆಳು ನೆಲಗಾಳಿ ಕಾಣೆಯಾಗುತ್ತದೆ. ಎರಡೂ ಬೇರೆ ಬೇರೆ ಹೇಳಿದರೆ ಚಿಕ್ಕ ಚೌಕದ್ದನ್ನು ಹಿಡಿಯಿರಿ.

ಒಂದು ಉದಾಹರಣೆ ನೋಡಿ. ಶನಿವಾರ ಬೆಳಿಗ್ಗೆ 6ಕ್ಕೆ ಸ್ವೆಲ್ 0.8 ಮೀಟರ್, 11 ಸೆಕೆಂಡ್, 212 ಡಿಗ್ರಿ. ಗಾಳಿ 4 ನಾಟ್, 80 ಡಿಗ್ರಿ. ಮಧ್ಯಾಹ್ನ 12ಕ್ಕೆ ಸ್ವೆಲ್ ಅಷ್ಟೇ, ಗಾಳಿ 13 ನಾಟ್, 290 ಡಿಗ್ರಿ. ಬೆಳಗಿನದು ಹೊಸಬರಿಗೆ ತಕ್ಕ ದಿನ, ಮಧ್ಯಾಹ್ನದ್ದು ಯಾರಿಗೂ ಬೇಡ. ಈ ಪಟ್ಟಿ ಕಂಡವರು ಶುಕ್ರವಾರ ಮಧ್ಯಾಹ್ನವೇ ಊರು ಬಿಟ್ಟು, ಬೆಳಕಿರುವಾಗ ಘಾಟಿ ಇಳಿದು, ಕರಾವಳಿಯಲ್ಲಿ ಮಲಗಬೇಕು. ಆಗುಂಬೆಯ 14 ತಿರುವುಗಳನ್ನು ನಡುರಾತ್ರಿ ಮಂಜಿನಲ್ಲಿ ಇಳಿದು, ನಿದ್ದೆಗೆಟ್ಟ ಮೈಯಲ್ಲಿ ನೀರಿಗಿಳಿಯುವುದು ಎರಡು ಕಡೆಯೂ ಅಪಾಯ. ಮೇಲಧಿಕಾರಿ ಶುಕ್ರವಾರ ರಜೆ ಕೊಡದಿದ್ದರೆ ಶನಿವಾರ ಆರಾಮಾಗಿ ಹೋಗಿ ಭಾನುವಾರ ಬೆಳಗಿನ ಅಲೆಗೆ ಲೆಕ್ಕ ಹಾಕಿ. ಶನಿವಾರದ ಮಧ್ಯಾಹ್ನವನ್ನು ಬಿಟ್ಟುಕೊಡಿ, ನಷ್ಟವೇನಿಲ್ಲ.

ಉಬ್ಬರ, ಇಳಿತ, ಅಳಿವೆ

ನೀರಿನ ಏರಿಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ಗೋಡೆಯ ಕ್ಯಾಲೆಂಡರೇ ಇಷ್ಟನ್ನು ಹೇಳುತ್ತದೆ, ಗಂಟೆ-ನಿಮಿಷಕ್ಕೆ ಮಾತ್ರ ಮಂಗಳೂರಿನ ಉಬ್ಬರ-ಇಳಿತದ ಪಟ್ಟಿ ಬೇಕು. ಮರಳ ತಳದ ತೀರದಲ್ಲಿ ಪೂರ್ತಿ ಇಳಿತವಿದ್ದರೆ ಅಲೆ ದಿಣ್ಣೆಯ ಮೇಲೆ ಒಮ್ಮೆಲೇ ಕವುಚಿಕೊಳ್ಳುತ್ತದೆ, ಪೂರ್ತಿ ಉಬ್ಬರವಿದ್ದರೆ ಒಡೆಯದೆ ಬಂದು ದಡಕ್ಕೇ ಬಡಿಯುತ್ತದೆ. ನೀರು ಅರ್ಧ ಏರಿ ಇನ್ನೂ ಏರುತ್ತಿರುವ ಹೊತ್ತು ಉತ್ತಮ. ಬೆಳಗಿನ ಗಾಳಿ ಮತ್ತು ಏರುವ ನೀರು ಒಂದೇ ಹೊತ್ತಿಗೆ ಕೂಡಿದ ದಿನವನ್ನು ಬಿಡಬೇಡಿ. ಕೂಡದಿದ್ದರೆ ಗಾಳಿಗೇ ಆದ್ಯತೆ ಕೊಡಿ.

ಸಸಿಹಿತ್ಲಿನ ಬಳಿ ಶಾಂಭವಿ, ನಂದಿನಿ ನದಿಗಳು ಸೇರಿ ಕಡಲಿಗಿಳಿಯುತ್ತವೆ. ಅಳಿವೆಯ ಮರಳು ದಿಣ್ಣೆಗಳಿಂದ ಅಲ್ಲಿ ಅಲೆ ಚೆನ್ನಾಗಿ ರೂಪುಗೊಳ್ಳುತ್ತದೆ, ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೂ ಅಲ್ಲಿ ನಡೆದಿದೆ. ಆದರೆ ಇಳಿತದ ಹೊತ್ತಿಗೆ ನದಿಯ ನೀರೂ ಕಡಲ ನೀರೂ ಒಟ್ಟಿಗೆ ಹೊರಗೆ ಸೆಳೆಯುತ್ತವೆ. ಘಟ್ಟದಲ್ಲಿ ಮಳೆಯಾಗಿದ್ದರಂತೂ ಕೇಳುವುದೇ ಬೇಡ. ನೀರು ಕೆಂಪಾಗಿ ಕಂಡರೆ ಅಳಿವೆಯಿಂದ ದೂರ ಸರಿಯಿರಿ. ಭದ್ರಾ ನಾಲೆಯಲ್ಲಿ, ಸೂಳೆಕೆರೆಯಲ್ಲಿ, ತೋಟದ ಬಾವಿಯಲ್ಲಿ ಈಜು ಕಲಿತವರು ಇದನ್ನು ಕಡಿಮೆ ಅಂದಾಜು ಮಾಡುತ್ತಾರೆ. ಕೆರೆ ಸೆಳೆಯುವುದಿಲ್ಲ. ನಾಲೆ ಸೆಳೆದರೂ ಎರಡೂ ಬದಿಗೆ ದಂಡೆ ಇರುತ್ತದೆ.

ದಡ ಮುಟ್ಟಿದ ಮೇಲೆ

ಬೋರ್ಡ್ ಹಿಡಿದು ಓಡಬೇಡಿ, 20 ನಿಮಿಷ ನಿಂತು ನೋಡಿ. ಉದ್ದ ಪೀರಿಯಡ್‌ನ ಸ್ವೆಲ್ಲಿನಲ್ಲಿ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಎರಡು ಗುಂಪುಗಳ ನಡುವೆ ಹತ್ತು ಹದಿನೈದು ನಿಮಿಷ ಕಡಲು ಸುಮ್ಮನಿರಬಹುದು. ಐದು ನಿಮಿಷ ನೋಡಿದವರಿಗೆ ಕಾಣುವುದು ಆ ಸುಮ್ಮನಿರುವ ಹೊತ್ತು ಮಾತ್ರ. ಅಲೆ ಒಡೆಯುವ ಸಾಲಿನ ನಡುವೆ ನೊರೆಯಿಲ್ಲದ, ಬಣ್ಣ ಗಾಢವಾದ, ಶಾಂತವಾಗಿ ಕಾಣುವ ಪಟ್ಟಿ ಇದ್ದರೆ ಅದೇ ರಿಪ್ ಕರೆಂಟ್, ನೀರು ಕಡಲಿಗೆ ಮರಳುವ ದಾರಿ. ಹೊಸಬರು ಸೌಮ್ಯ ಜಾಗವೆಂದು ಇಳಿಯುವುದು ಸರಿಯಾಗಿ ಅಲ್ಲಿಗೇ. ಸಿಕ್ಕಿಕೊಂಡರೆ ದಡದತ್ತ ಈಜಿ ದಣಿಯಬೇಡಿ. ಬೋರ್ಡ್ ಬಿಡದೆ, ದಡಕ್ಕೆ ಸಮಾನಾಂತರವಾಗಿ ಸಾಗಿ ನೊರೆ ಕಾಣುವ ಕಡೆ ಸೇರಿ, ಅಲೆಯೊಂದಿಗೆ ಒಳಬನ್ನಿ. ಕಲಿಯುವವರಿಗೆ 8ರಿಂದ 9 ಅಡಿಯ ಮೃದು ಬೋರ್ಡ್, ಬೋರ್ಡಿನಷ್ಟೇ ಉದ್ದದ ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಸಾಕು. ಸರ್ಫ್ ಶಾಲೆಗಳಲ್ಲಿ ಬಾಡಿಗೆಗೆ ಸಿಗುತ್ತವೆ, ಇಲ್ಲಿಂದ ಹೊತ್ತೊಯ್ಯಬೇಕಿಲ್ಲ. ನಿಮ್ಮ ಅಂಕಿಗಳು ಏನೇ ಹೇಳಲಿ, ಅಲ್ಲಿನ ತರಬೇತುದಾರರು ಅಥವಾ ಮೀನುಗಾರರು ಇವತ್ತು ಬೇಡ ಎಂದರೆ ಇಳಿಯಬೇಡಿ.

ಜೂನ್–ಸೆಪ್ಟೆಂಬರ್ ಹೊಸಬರಿಗೆ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ರಾಜ್ಯದಲ್ಲಿ ನಿಷೇಧವಿರುತ್ತದೆ. ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲ. 2021ರ ಮೇನಲ್ಲಿ ತೌಕ್ತೆ ಗುಜರಾತಿನಲ್ಲಿ ನೆಲ ಮುಟ್ಟಿತಾದರೂ ಅದಕ್ಕೆ ಮೊದಲು ನಮ್ಮ ಕರಾವಳಿಯ ಮನೆ, ರಸ್ತೆಗಳನ್ನು ಕಡಲಿಗೆಳೆದಿತ್ತು. ಹವಾಮಾನ ಇಲಾಖೆ ಮೀನುಗಾರರಿಗೆ ಕಡಲಿಗಿಳಿಯಬೇಡಿ ಎಂದ ದಿನ ಸರ್ಫ್ ಮಾಡುವವರಿಗೂ ಅದೇ ಮಾತು.

ಏಪ್ರಿಲ್, ಮೇ, ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಗುಡುಗುಮೋಡ ಕಟ್ಟಿ ಸಂಜೆಗೆ ಕಡಲಿನತ್ತ ಸರಿಯುತ್ತದೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ತಕ್ಷಣ ನೀರು ಬಿಟ್ಟು ಕಟ್ಟಡವನ್ನೋ ಕಾರನ್ನೋ ಸೇರಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಹೊರಬರಬೇಡಿ. ದಾಮಿನಿ ಆ್ಯಪ್ ಹತ್ತಿರದ ಸಿಡಿಲನ್ನು ತೋರಿಸುತ್ತದೆ. ಊರಿಗೆ ಮರಳುವ ದಾರಿಯೂ ಇದೇ ಮೋಡದ ಕೆಳಗೇ ಹಾದುಹೋಗುವುದರಿಂದ ಈ ತಿಂಗಳುಗಳಲ್ಲಿ ಭಾನುವಾರ 10ಕ್ಕೆ ನೀರು ಬಿಟ್ಟು, ತಿಂಡಿ ಮುಗಿಸಿ, ಮಧ್ಯಾಹ್ನ 2ರೊಳಗೆ ಘಾಟಿ ಹತ್ತಿಬಿಡಿ. ಮಳೆಗಾಲದ ಅಂಚಿನಲ್ಲಾದರೆ ಘಾಟಿ ತೆರೆದಿದೆಯೇ ಎಂದು ಹೊರಡುವ ಮುನ್ನ ಕೇಳಿಕೊಳ್ಳಿ. ಆಗುಂಬೆ ಮುಚ್ಚಿದ್ದರೆ ಕುಂದಾಪುರ, ಸಿದ್ದಾಪುರ, ಹುಲಿಕಲ್ ಘಾಟಿ, ಹೊಸನಗರದ ಮೇಲೆ ಶಿವಮೊಗ್ಗ ಸೇರಬಹುದು.