ಹಿತ್ತಲಲ್ಲಿ ಎಲೆಬಳ್ಳಿ ಬೆಳೆಸುವ ಬಗೆ

ಹುಬ್ಬಳ್ಳಿ-ಧಾರವಾಡದ ಕಡೆ ಹಿತ್ತಲಲ್ಲಿ ವೀಳ್ಯದೆಲೆ ಬಳ್ಳಿ ಹಚ್ಚಬೇಕೆನ್ನುವವರು ಮೊದಲು ಅದರ ತವರನ್ನು ಅರಿತಿರಬೇಕು. ಕಾಳುಮೆಣಸಿನ ಕುಲಕ್ಕೇ ಸೇರಿದ ಈ ನಿತ್ಯಹಸಿರು ಬಳ್ಳಿ ಆಗ್ನೇಯ ಏಷ್ಯಾದ ಮಳೆಕಾಡಿನದು. ದೊಡ್ಡ ಮರಗಳ ಕೆಳಗೆ, ಎಲೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ, ತೇವ ಆರದ ಆದರೆ ನೀರೂ ನಿಲ್ಲದ ತರಗೆಲೆ ಮಣ್ಣಿನಲ್ಲಿ ಬೇರೂರಿ, ಮರದ ಕಾಂಡವನ್ನು ಹಿಡಿದು ಮೇಲೇರುವುದು ಅದರ ಸ್ವಭಾವ. ಈ ನೆರಳು, ತೇವಗಳನ್ನು ನಾವೇ ಒದಗಿಸಿದರೆ ಬಯಲಿನಲ್ಲೂ ಅದು ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಹಾವೇರಿ ಜಿಲ್ಲೆಯ ಸವಣೂರಿನ ಹೆಸರುವಾಸಿ ಎಲೆತೋಟಗಳೇ ಸಾಕ್ಷಿ.

ನಮ್ಮ ಭಾಗದಲ್ಲಿ ನಿಜವಾದ ತೊಡಕು ಮಣ್ಣಿನದು. ಮಸಾರಿ ನೆಲ, ಅಂದರೆ ಕೆಂಪು ಮಣ್ಣಾದರೆ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು; ಎರೆ ನೆಲ, ಅಂದರೆ ಕಪ್ಪು ಮಣ್ಣು ಮಾತ್ರ ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಬುಡ ಕೊಳೆಯುವ ರೋಗಕ್ಕೆ ದಾರಿ ಮಾಡುವುದರಿಂದ, ಅಲ್ಲಿ ಮಸಾರಿ ಮಣ್ಣು, ಮರಳು, ಗೊಬ್ಬರ ಕೂಡಿಸಿ ಒಂದಡಿ ಎತ್ತರದ ಏರಿ ಕಟ್ಟಿ, ಅದರ ಮೇಲೆಯೇ ನೆಡಬೇಕು. ನೆಟ್ಟ ಮೇಲೆ ಈ ತಪ್ಪನ್ನು ಸರಿಪಡಿಸುವುದು ಕಷ್ಟ.

ಆಸರೆಗೆ ನುಗ್ಗೆ ಅಥವಾ ಚೊಗಚೆ ಗಿಡವನ್ನು ಕೆಲವು ತಿಂಗಳು ಮೊದಲೇ ಬೆಳೆಸಿಕೊಳ್ಳಬೇಕು. ಮುಂಗಾರು ನೆಲೆಗೊಂಡ ಮೇಲೆ, ಬಲಿತ ರೋಗವಿಲ್ಲದ ಬಳ್ಳಿಯ ಮೇಲ್ಭಾಗದಿಂದ ಮೂರರಿಂದ ಐದು ಗೆಣ್ಣುಗಳಿರುವ ತುಂಡನ್ನು ಆರಿಸಬೇಕು. ಆರಿಸುವಾಗ ಗೆಣ್ಣನ್ನು ಹತ್ತಿರದಿಂದ ನೋಡಿ: ಆಸರೆಯನ್ನು ಹಿಡಿದು ಏರುವ ಕಾಂಡದ ಗೆಣ್ಣಿನಲ್ಲಿ ಗಿಡ್ಡ ಬೇರುಗಳ ಸಣ್ಣ ಕುಚ್ಚು ಇರುತ್ತದೆ, ಪಕ್ಕಕ್ಕೆ ಜೋತುಬಿದ್ದ ರೆಂಬೆಯಲ್ಲಿ ಅದಿರುವುದಿಲ್ಲ, ಬೇರಿನ ಕುಚ್ಚಿರುವ ತುಂಡೇ ನೆಡಲು ತಕ್ಕದ್ದು. ಎರಡು ಗೆಣ್ಣುಗಳು ಮಣ್ಣಿನಲ್ಲಿ ಮುಚ್ಚುವಂತೆ, ಆಸರೆಯ ಪೂರ್ವ ಅಥವಾ ಉತ್ತರ ಮಗ್ಗುಲಿಗೆ ನೆಟ್ಟರೆ ಮಧ್ಯಾಹ್ನದ ಬಿಸಿಲು ತಾಗದು. ಚಿಗುರು ಏರುತ್ತಿದ್ದಂತೆ ಬಾಳೆಯ ನಾರಿನಿಂದ ಸಡಿಲವಾಗಿ ಕಟ್ಟುತ್ತ ಹೋಗಬೇಕು.

ಬೇಸಿಗೆಯ ಒಣಗಾಳಿ ಮಳೆಕಾಡಿನ ಬಳ್ಳಿಗೆ ಒಗ್ಗುವುದಿಲ್ಲ. ಬುಡಕ್ಕೆ ತರಗೆಲೆ ಹೊದಿಸಿ, ಸ್ವಲ್ಪ ಸ್ವಲ್ಪವೇ ನೀರನ್ನು ಮೇಲಿಂದ ಮೇಲೆ ಕೊಡಬೇಕು. ಎಲೆ ಹಳದಿಯಾಗಿ ಅಂಚು ಸುಟ್ಟಂತಾದರೆ ಬಿಸಿಲು ಹೆಚ್ಚಾಯಿತೆಂದು ತಿಳಿದು ನೆರಳು ಮಾಡಬೇಕು. ಹಸಿಯಾಗಿಯೇ ಬಾಯಿಗೆ ಹೋಗುವ ಎಲೆಗೆ ಕೀಟನಾಶಕ ಹೊಡೆಯುವುದು ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ರೋಗ ತಗುಲಿದ ಬಳ್ಳಿಯನ್ನು ಬುಡಸಮೇತ ಕಿತ್ತು ಸುಡುವುದು ಮೇಲು.

ಬಳ್ಳಿ ಆಳೆತ್ತರ ಬಂದ ಮೇಲೆ ಕೆಳಗಿನ ಬಲಿತ ಎಲೆಗಳಿಂದ ಆರಂಭಿಸಿ, ತುದಿಯ ಚಿಗುರನ್ನು ಮುಟ್ಟದೆ, ತೊಟ್ಟುಸಮೇತ ಕೊಯ್ಯಬಹುದು. ಬಳ್ಳಿ ಕೈಗೆ ಎಟುಕದಷ್ಟು ಬೆಳೆದಾಗ ಅದನ್ನು ಇಳಿಸಿ, ಕೆಳಗಿನ ಬರಿಯ ಕಾಂಡವನ್ನು ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚಿದರೆ, ಆ ಗೆಣ್ಣುಗಳಿಂದ ಹೊಸ ಬೇರು ಬಂದು ಬಳ್ಳಿ ಮತ್ತೆ ಹುರುಪಿನಿಂದ ಏರುತ್ತದೆ.