ಪುಡಿಯಾಗುತ್ತಿದ್ದ ಪೆಲೆಟ್ ಗಟ್ಟಿಯಾದ ಬಗೆ

ಹೊಲದ ಒಣಹುಲ್ಲು, ಕಾಡಿನ ರೆಂಬೆಗಳ ಚೂರು ಎರಡನ್ನೂ ಸಮಸಮ ಬೆರೆಸಿ ಒಲೆಗೆ ಪೆಲೆಟ್, ಅಂದರೆ ಯಂತ್ರದ ಅಚ್ಚಿನಲ್ಲಿ ಒತ್ತಿದ ಉರುವಲಿನ ಸಣ್ಣ ತುಂಡು, ಮಾಡಲು ಹೊರಟಿದ್ದೆ. ಯಂತ್ರದಿಂದ ಬಂದದ್ದನ್ನು ಕೈಯಲ್ಲಿ ಹಿಡಿದರೆ ಸಾಕು, ಪುಡಿ ಪುಡಿ. ಯಂತ್ರದ ಮೇಲೇ ಅನುಮಾನ ಬಂತು. ಎರಡು ದಿನ ಸುಮ್ನೆ ಅಚ್ಚು ಬಿಚ್ಚಿ ಜೋಡಿಸಿದ್ದೇ ಆಯಿತು.

ತಪ್ಪು ಇದ್ದದ್ದು ತೇವದಲ್ಲಿ. 100 ಗ್ರಾಂ ಚೂರನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟೆ. ಉಳಿದದ್ದು 76 ಗ್ರಾಂ. ಅಂದರೆ ಶೇಕಡಾ 24 ನೀರು! ಪೆಲೆಟ್‌ಗೆ 10ರಿಂದ 15 ಇದ್ದರೆ ಸರಿ. ಜಾಸ್ತಿಯಾದರೆ ಅಚ್ಚಿನ ಬಿಸಿಗೆ ನೀರು ಆವಿಯಾಗಿ ಪೆಲೆಟ್ ಬಿರಿಯುತ್ತದೆ. ಹಾಗಂತ ತೀರಾ ಒಣಗಿಸಿದರೂ ಅಂಟುವುದಿಲ್ಲ. ಚೂರಿನಲ್ಲಿರುವ ಲಿಗ್ನಿನ್ (ಮರ, ಹುಲ್ಲಿಗೆ ಗಡುಸುತನ ಕೊಡುವ ಸಹಜ ವಸ್ತು) ಮೆದುವಾಗಿ ಗೋಂದಿನ ಕೆಲಸ ಮಾಡಬೇಕು, ಅದಕ್ಕೆ ಸ್ವಲ್ಪ ತೇವ ಬೇಕೇ ಬೇಕು. ಒಮ್ಮೆ 7ಕ್ಕೆ ಇಳಿಸಿ ಆ ಪಾಠವನ್ನೂ ಕಲಿತೆ. ತೆಳ್ಳಗೆ ಹರವಿ, ದಿನಕ್ಕೆ ಮೂರು ಸಲ ಮಗುಚಿ, 12ಕ್ಕೆ ತಂದ ಮೇಲೆ ಹೊಳಪಿನ ಗಟ್ಟಿ ಪೆಲೆಟ್ ಬಂತು.

ಅಷ್ಟರಲ್ಲಿ ಒಲೆ ತಕರಾರು ತೆಗೆಯಿತು. ಬೂದಿ ಕರಗಿ, ಕಲ್ಲಿನಂತಾಗಿ ಜಾಲರಿಗೆ ಕಚ್ಚಿಕೊಂಡಿತ್ತು. ಹುಲ್ಲಿನಲ್ಲಿ ಪೊಟ್ಯಾಸಿಯಂ, ಸಿಲಿಕಾ ಜಾಸ್ತಿ ಅಲ್ವಾ, ಅದರ ಬೂದಿ ಮರದ ಬೂದಿಗಿಂತ ಕಡಿಮೆ ಬಿಸಿಗೇ ಕರಗುತ್ತದೆ. ಹುಲ್ಲನ್ನು ಅರ್ಧದಿಂದ ಐದನೇ ಒಂದು ಪಾಲಿಗೆ ಇಳಿಸಿದೆ. ರೆಂಬೆ ಚೂರಿನ ಜೊತೆ ಬಂದ ಮಣ್ಣನ್ನು ಜರಡಿ ಹಿಡಿದು ತೆಗೆದೆ. ಹೆಂಟೆ ಈಗಲೂ ಕಟ್ಟುತ್ತದೆ, ಆದರೆ ಚಿಕ್ಕದು. ಸಲಾಕೆಯಿಂದ ತಟ್ಟಿದರೆ ಉದುರುತ್ತದೆ.