ತೊಟ್ಟಿಲು ಕಟ್ಟುವವರ ವೀಸಾ

ಅಮೆರಿಕದಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಎಚ್-1ಬಿ ಮಾತು ಬಂದೇ ಬರುತ್ತದೆ. ನಾನು ಎಚ್-2ಬಿ ಅಂದರೆ, "1ಬಿ ಅಲ್ವಾ?" ಅಂತ ತಿದ್ದುತ್ತಾರೆ. ಅಲ್ಲ. ಇದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಇರುವ ಕೂಲಿ ಕೆಲಸದ ವೀಸಾ. ಹುಲ್ಲು ಕತ್ತರಿಸುವವರು, ಮೇರಿಲ್ಯಾಂಡ್‌ನಲ್ಲಿ ಏಡಿ ಬಿಡಿಸುವವರು ಇದರಲ್ಲೇ ಬರುತ್ತಾರೆ. ಜಾತ್ರೆಯ ತೊಟ್ಟಿಲು ಕಟ್ಟುವವರೂ ಅಷ್ಟೆ.

ನಾನು ಶಿರಸಿಯವಳು. ಮಾರಿಕಾಂಬಾ ಜಾತ್ರೆಯ ತೊಟ್ಟಿಲಲ್ಲಿ ಕೂತು ಕಿರುಚಿದ್ದೇನೆಯೇ ಹೊರತು, ಅದನ್ನು ಯಾರು ಕಟ್ಟುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಗಂಡನ ಹಿಂದೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಫ್ಲೋರಿಡಾಕ್ಕೆ ಬಂದೆ. 2015ರಲ್ಲಿ ನಮ್ಮಂಥವರಿಗೂ ಕೆಲಸದ ಪರವಾನಗಿ ಸಿಗತೊಡಗಿತು. ಮರುವರ್ಷ ಗಿಬ್ಸನ್‌ಟನ್‌ನಲ್ಲಿ, ಜಾತ್ರೆಯಿಂದ ಜಾತ್ರೆಗೆ ತೊಟ್ಟಿಲು ಒಯ್ಯುವ ಒಂದು ಸಣ್ಣ ಕಾರ್ನಿವಲ್ ಕಂಪನಿಯಲ್ಲಿ ಲೆಕ್ಕ ಬರೆಯಲು ಸೇರಿದೆ. ಟ್ಯಾಂಪಾ ಪಕ್ಕದ ಈ ಊರು ಕಾರ್ನಿವಲ್ ಮಂದಿಯ ಚಳಿಗಾಲದ ಬಿಡಾರ. ನಮ್ಮ ಆಳುಗಳಲ್ಲಿ ಅರ್ಧಕ್ಕರ್ಧ ಮೆಕ್ಸಿಕೋದ ವೆರಾಕ್ರೂಸ್ ಕಡೆಯ ತ್ಲಾಪಕೋಯನ್ ಊರಿನವರು. ಅಣ್ಣ ಬಂದರೆ ತಮ್ಮ, ತಮ್ಮನ ಹಿಂದೆ ಭಾವಮೈದ.

ಈ ವೀಸಾ ವರ್ಷಕ್ಕೆ 66,000 ಮಾತ್ರ. ಅರ್ಧ ಚಳಿಗಾಲಕ್ಕೆ, ಅರ್ಧ ಏಪ್ರಿಲ್‌ನಿಂದ ಮುಂದಕ್ಕೆ. 1990ರ ಕಾನೂನಿನ ಲೆಕ್ಕ ಇನ್ನೂ ಹಾಗೇ ಇದೆ. ಹಿಂದೆ ಬಂದುಹೋದವರನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ ಎಂಬ ವಿನಾಯಿತಿ ಆಗಾಗ ಬಂದು ಹೋಗುತ್ತಿತ್ತು. 2016ರ ಸೆಪ್ಟೆಂಬರ್ 30ಕ್ಕೆ ಅದು ಮುಗಿಯಿತು. 2017ರ ಮಾರ್ಚ್ ಮಧ್ಯಕ್ಕೇ ಕೋಟಾ ಖಾಲಿ. ನಮ್ಮ ಕಡೆ ಒಬ್ಬರೂ ಬರಲಿಲ್ಲ. ಸರ್ಕಾರ 15,000 ಹೆಚ್ಚುವರಿ ವೀಸಾ ಕೊಟ್ಟಿದ್ದು ಜುಲೈನಲ್ಲಿ. ಅಷ್ಟರಲ್ಲಿ ನಾವು ನಾಲ್ಕು ಜಾತ್ರೆ ಕೈಬಿಟ್ಟಿದ್ದೆವು, ದೊಡ್ಡ ತೊಟ್ಟಿಲು ಇಡೀ ಬೇಸಿಗೆ ಲಾರಿ ಮೇಲೇ ಮಲಗಿತ್ತು.

2018ರಲ್ಲಿ ಧಣಿ, "ವಾಷಿಂಗ್ಟನ್‌ಗೆ ಹೋಗಿ ಸಂಸದರನ್ನೇ ಕೇಳೋಣ, ಕಾಗದಪತ್ರ ನಿನಗೇ ಗೊತ್ತಿರೋದು, ನೀನೂ ಬಾ" ಎಂದ. ನಾನು ಓಟೇ ಇಲ್ಲದವಳು! ಆದರೂ ಹೋದೆ. ಲಾಬಿ ಅಂದರೆ ದೊಡ್ಡ ಹೋಟೆಲು, ಪಿಸುಮಾತು ಅಂದುಕೊಂಡಿದ್ದೆ. ಸಿಕ್ಕಿದ್ದು ಉದ್ದುದ್ದ ಕಾರಿಡಾರು, ಕಾಲು ಕಡಿಯುವ ಚಪ್ಪಲಿ, ಮತ್ತು ಇಪ್ಪತ್ತೈದು ದಾಟದ ಒಬ್ಬ ಸಹಾಯಕನ ಹದಿನೈದು ನಿಮಿಷ. ಸಂಸದರ ಮುಖ ಗೋಡೆಯ ಫೋಟೋದಲ್ಲಿ ಮಾತ್ರ.

ಮೊದಲ ದಿನ ನಾಲ್ಕು ಪುಟದ ಮನವಿ ಕೊಟ್ಟೆ. ಕಾನೂನಿನ ಇತಿಹಾಸವೆಲ್ಲ ಅದರಲ್ಲಿತ್ತು. ಹುಡುಗ ಮಗುಚಿ ನೋಡಿ ಪಕ್ಕಕ್ಕಿಟ್ಟ. ರಾತ್ರಿ ಹೋಟೆಲಲ್ಲಿ ಕೂತು ಎಲ್ಲ ಕಿತ್ತುಹಾಕಿದೆ. ಒಬ್ಬೊಬ್ಬ ಸಂಸದರಿಗೂ ಒಂದೇ ಹಾಳೆ. ಅವರ ಕ್ಷೇತ್ರದಲ್ಲಿ ನಾವು ನಿಲ್ಲುವ ಜಾತ್ರೆ ಯಾವುದು, ಯಾವ ವಾರ, ನಮ್ಮ ಟಿಕೆಟ್ ದುಡ್ಡಲ್ಲಿ ಜಾತ್ರೆ ಸಮಿತಿಗೆ ಹೋಗುವ ಪಾಲೆಷ್ಟು. ಆ ಪಾಲಿನಿಂದಲೇ ದನದ ಕೊಟ್ಟಿಗೆ ರಿಪೇರಿ, ಕರು ಸಾಕಿದ ಮಕ್ಕಳ ಬಹುಮಾನ. ಮರುದಿನ ಒಬ್ಬ ಸಹಾಯಕಿ ಹಾಳೆ ನೋಡಿದವಳೇ, "ಅಯ್ಯೋ, ಇದು ನಮ್ಮಜ್ಜಿ ಊರಿನ ಜಾತ್ರೆ!" ಎಂದಳು. ಹದಿನೈದು ನಿಮಿಷ ನಲವತ್ತಾಯಿತು.

ಹಾಳೆಯ ಕೊನೆಗೆ ಒಂದೇ ಬೇಡಿಕೆ. ಬಜೆಟ್ ಮಸೂದೆಯಲ್ಲಿ ಹೆಚ್ಚುವರಿ ವೀಸಾ 'ಕೊಡಬಹುದು' ಎಂದಿದೆ, ಅದನ್ನು 'ಕೊಡಬೇಕು' ಮಾಡಿ. 'ಬಹುದು' ಇರುವ ತನಕ ಪ್ರತಿ ವರ್ಷ ಮಂತ್ರಿಯ ಮನಸ್ಸು ಕಾಯುವುದೇ ಕೆಲಸ.

ಒಬ್ಬ ಸಹಾಯಕ ಮಾತ್ರ ನನ್ನ ಬಾಯಿ ಕಟ್ಟಿಸಿದ. "ಇಲ್ಲಿಯವರು ಯಾಕೆ ಬರಲ್ಲ? ನೀವು ಓವರ್‌ಟೈಮ್ ಕೊಡಲ್ವಲ್ಲ." ನಿಜವೇ. ಸೀಸನ್ನಿನ ಮನರಂಜನೆ ಕೆಲಸಕ್ಕೆ ಕಾನೂನೇ ಓವರ್‌ಟೈಮ್ ವಿನಾಯಿತಿ ಕೊಟ್ಟಿದೆ. ಜಾಹೀರಾತು ಹಾಕಿದ್ದೆವು, ಬಂದವರು ವಾರದಲ್ಲೇ ಹೋದರು ಅಂದೆ. ಅದೂ ನಿಜ, ಆದರೆ ಅವನ ಪ್ರಶ್ನೆಗೆ ಅದು ಉತ್ತರವಲ್ಲ. ವಾಪಸು ಬರುವಾಗ ಧಣಿಗೆ ಹೇಳಿದೆ: ಮುಂದಿನ ಸಲ ಗಂಟೆಯ ಲೆಕ್ಕ, ಆಳುಗಳು ಮಲಗುವ ಟ್ರೇಲರಿನ ಫೋಟೋ ಇಲ್ಲದೆ ನಾನು ಬರಲ್ಲ. ಗೊಣಗಿದ. ಫೋಟೋ ತೆಗೆಸುವ ಮುಂಚೆ ಹಾಸಿಗೆಯನ್ನೆಲ್ಲ ಬದಲಾಯಿಸಿದ.

ನಾವು ಹೋಗಿದ್ದರಿಂದಲೇ ಏನೋ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ವರ್ಷವೂ 15,000 ಸಿಕ್ಕಿತು, ಮೇ ಕೊನೆಗೆ. 2019ರ ಜನವರಿ 1ರ ನಡುರಾತ್ರಿ ಅರ್ಜಿ ಹಾಕಲು ಕೂತರೆ ಸೈಟೇ ಕುಸಿಯಿತು. 33,000 ಜಾಗಕ್ಕೆ ಮೂರು ಪಟ್ಟು ಬೇಡಿಕೆ ಬಂದಿತ್ತು. ಮರುವರ್ಷದಿಂದ ಜನವರಿಯಲ್ಲಿ ಅರ್ಜಿ ಶುರುವಾದ ಮೊದಲ ಮೂರು ದಿನದಲ್ಲಿ ಬಂದ ಅರ್ಜಿಗಳಿಗೆ ಲಾಟರಿ. ಮೊದಲು ಕೈಗೆತ್ತಿಕೊಳ್ಳುವ 'ಎ' ಗುಂಪು ಬಂದರೆ ಬಚಾವ್. 2023, 2024, 2025ರ ಸಾಲಿನಲ್ಲಿ ಹೆಚ್ಚುವರಿ 64,716ಕ್ಕೆ ಏರಿತು. ಮಸೂದೆಯಲ್ಲಿ ಮಾತ್ರ ಆಗಲೂ 'ಬಹುದು'.

ಅಜ್ಜಿ ಊರಿನ ಆ ಸಹಾಯಕಿ 2018ರ ಆಗಸ್ಟ್‌ನಲ್ಲಿ ತನ್ನ ಸಂಸದರನ್ನು ಜಾತ್ರೆಗೆ ಕರೆತಂದಳು. ಅವರು ತೊಟ್ಟಿಲಲ್ಲಿ ಕೂತು ಕೈ ಬೀಸುವ ಫೋಟೋ ನನ್ನ ಹತ್ತಿರ ಇದೆ. ಅವರ ಮುಂದಿನ ಸರಳು ಹಾಕುತ್ತಿರುವ ಹುಡುಗ ತ್ಲಾಪಕೋಯನ್‌ನವನು. ಮರುವರ್ಷದ ಹಾಳೆಯಲ್ಲಿ ಮಾತೆಲ್ಲ ಕಮ್ಮಿ ಮಾಡಿ ಆ ಫೋಟೋ ದೊಡ್ಡದಾಗಿ ಹಾಕಿದೆ.